ಬೆಳಕಿನ ಚಿಮಟಕ್ಕೆ ಸಿಕ್ಕಿದ ಒಂಟಿ ಅಣು

ಕಳೆದ ಮಳೆಗಾಲದ ಒಂದು ಬೆಳಗ್ಗೆ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ, ಪುಸ್ತಕದೊಳಗಿಂದ ಮಡಚಿದ ಚೀಟಿಯೊಂದನ್ನು ತೆಗೆದು ನಮ್ಮ ಮೇಜಿನ ಮೇಲಿರಿಸಿದಳು. ಅದು ಅವಳ ತಾಯಿಯ ರಕ್ತಪರೀಕ್ಷೆಯ ಚೀಟಿ. ಇಂಗ್ಲಿಷಿನಲ್ಲಿ ಸಾಲು ಸಾಲಾಗಿ ಏನೇನೋ ಇದ್ದವು. ಒಂದು ಸಾಲಿನ ಕೆಳಗೆ ಮಾತ್ರ ವೈದ್ಯರು ಕೆಂಪು ಗೆರೆ ಎಳೆದಿದ್ದರು. ಫೆರಿಟಿನ್ ಎಂದು ಹೆಸರು, ಎದುರಿಗೆ 8 ಎಂಬ ಅಂಕಿ. "ಸರ್, ಅಮ್ಮನಿಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ. ಈ ಫೆರಿಟಿನ್ ಎಂದರೆ ಏನೂಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ" ಎಂದಳು.

ಫೆರಿಟಿನ್ ಎಂಬುದು ಒಂದು ಸಸಾರಜನಕ. ಈಗಿನ ಮಕ್ಕಳು ಪ್ರೋಟೀನು ಎನ್ನುತ್ತಾರೆ, ನಾವು ಓದಿದ ಕಾಲದ ಪುಸ್ತಕಗಳಲ್ಲಿ ಸಸಾರಜನಕವೆಂದೇ ಇತ್ತು. ನಮ್ಮ ಮನೆಗಳಲ್ಲಿ ಹಿಂದೆ ಅಕ್ಕಿ ಮುಡಿ ಕಟ್ಟುತ್ತಿದ್ದುದನ್ನು ನೋಡಿದ ಹಿರಿಯರಿಗೆ ಇದರ ರಚನೆ ಬೇಗ ಅರ್ಥವಾದೀತು. ಬೈಹುಲ್ಲನ್ನು ಸುತ್ತಿ ಹಗ್ಗ ಬಿಗಿದ ಆ ದುಂಡು ಮುಡಿಯ ಒಳಗೆ ಅಕ್ಕಿ ಕೂಡಿಟ್ಟಂತೆ, 24 ತುಂಡುಗಳು ಸೇರಿ ಆದ ಟೊಳ್ಳು ಉಂಡೆಯೊಂದರ ಒಳಗೆ ನಮ್ಮ ಶರೀರ ಕಬ್ಬಿಣವನ್ನು ಕೂಡಿಡುತ್ತದೆ. ಒಂದೊಂದು ಮುಡಿಯಲ್ಲಿ ಹೆಚ್ಚೆಂದರೆ 4,500ರಷ್ಟು ಕಬ್ಬಿಣದ ಪರಮಾಣುಗಳು ಹಿಡಿಯುತ್ತವೆ. ಈ ದಾಸ್ತಾನು ಕರಗುತ್ತ ಬಂದಂತೆ ರಕ್ತದಲ್ಲಿ ಸಿಗುವ ಫೆರಿಟಿನ್ನೂ ಕಡಿಮೆಯಾಗುತ್ತದೆ. ಚೀಟಿಯ 8 ಹೇಳುವುದು ಅದನ್ನೇ.

ಹೀಗೆಂದು ನಾವು ತರಗತಿಯಲ್ಲಿ ವಿವರಿಸಿದ್ದಾಯಿತು. ಹುಡುಗಿ ಕುಳಿತುಕೊಳ್ಳಲಿಲ್ಲ. "ಆ ಮುಡಿ ಒಂದನ್ನೇ ಹಿಡಿದು ನೋಡ್ಲಿಕ್ಕೆ ಆಗ್ತದಾ ಸರ್?" ಎಂದು ಕೇಳಿದಳು. "ಆಗದು ಮಗಾ. ಕೋಟಿಗಟ್ಟಲೆ ಸೇರಿದಾಗ ಲೆಕ್ಕ ಸಿಗುತ್ತದಷ್ಟೆ. ಒಂದನ್ನೇ ಹಿಡಿಯುವ ಚಿಮಟವನ್ನು ಯಾರು ಮಾಡಿಯಾರು?" ಎಂದು ಹೇಳಿ ಮುಂದಿನ ಪಾಠಕ್ಕೆ ಹೋದೆವು.

ನಾವು ಹೇಳಿದ್ದು ತಪ್ಪು. ಆಮೇಲೆ ಓದಿ ತಿಳಿದುಕೊಂಡ ಪ್ರಕಾರ ಅಂಥ ಚಿಮಟ ಉಂಟು, ಮತ್ತು ಅದರಲ್ಲಿ ಬೇರಾವ ಸಸಾರಜನಕವೂ ಅಲ್ಲ, ಇದೇ ಫೆರಿಟಿನ್ ಒಂಟಿಯಾಗಿ ಸಿಕ್ಕಿಬಿದ್ದಿದೆ. ತರಗತಿಯಲ್ಲಿ ತಪ್ಪನ್ನು ತಿದ್ದಿ ಹೇಳಿದ್ದೇವೆ. ಆದರೆ ಮಾಷ್ಟ್ರ ಮಾತನ್ನು ಮಕ್ಕಳು ಮನೆಗೂ ಒಯ್ಯುತ್ತಾರಷ್ಟೆ. ಆದುದರಿಂದ ಅದೇ ವಿಷಯವನ್ನು ಇಲ್ಲಿ ಮನೆಯವರಿಗೂ ಹೇಳುವುದು ನಮ್ಮ ಕರ್ತವ್ಯವೆಂದು ತೋರಿತು.

ಮೊದಲು ಕೋಟಿಯ ಮಾತು. ಚೀಟಿಯ 8 ಎಂದರೆ ಒಂದು ಮಿಲಿಲೀಟರಿನಲ್ಲಿ 8 ನ್ಯಾನೋಗ್ರಾಮು ಎಂದು ಅರ್ಥ. ಅಣುತೂಕದಿಂದ ಲೆಕ್ಕ ಹಾಕಿದರೆ ಆ ಒಂದು ಮಿಲಿಲೀಟರಿನಲ್ಲಿ ಸುಮಾರು ಸಾವಿರ ಕೋಟಿ ಫೆರಿಟಿನ್ ಮುಡಿಗಳಿವೆ. "ಕಡಿಮೆ" ಎಂದು ವೈದ್ಯರು ಕೆಂಪು ಗೆರೆ ಎಳೆದದ್ದು ಇಷ್ಟಕ್ಕೆ! ಇಷ್ಟೊಂದು ಸೇರಿದ ಗುಂಪಿನಿಂದ ಸಿಗುವುದು ಸರಾಸರಿ ಮಾತ್ರ. ಸರಾಸರಿಯ ಸಂಗತಿ ಮಾಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ತರಗತಿಯ ಸರಾಸರಿ 50 ಅಂಕ ಎಂದರೆ ಎಲ್ಲರೂ 50 ಪಡೆದಿರಬಹುದು, ಅರ್ಧ ಮಕ್ಕಳು ನೂರು ಪಡೆದು ಇನ್ನರ್ಧ ಸೊನ್ನೆ ಪಡೆದಿರಲೂಬಹುದು. ಮೇಲಧಿಕಾರಿಗಳಿಗೆ ಕಳುಹಿಸುವ ಕಾಗದದಲ್ಲಿ ಎರಡೂ ಒಂದೇ. ಸಸಾರಜನಕಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಅವು ಉದ್ದನೆಯ ಸರದಂತೆ ಹುಟ್ಟಿ, ತಮಗೆ ತಕ್ಕ ಆಕಾರಕ್ಕೆ ಮಡಚಿಕೊಂಡು, ಆ ಆಕಾರದ ಬಲದಿಂದಲೇ ಕೆಲಸ ಮಾಡತಕ್ಕವು. ಮೊಟ್ಟೆಯ ಬಿಳಿಲೋಳೆ ಬೇಯಿಸಿದಾಗ ಗಟ್ಟಿಯಾಗುವುದು ಆ ಮಡಿಕೆ ಬಿಚ್ಚಿಹೋಗಿ ಎಳೆಗಳು ಒಂದಕ್ಕೊಂದು ತೊಡರಿಕೊಳ್ಳುವುದರಿಂದ. ಜೀವಂತ ಶರೀರದಲ್ಲಿಯೂ ಅವು ಒಂದಿಷ್ಟು ಬಿಚ್ಚಿ, ಮುಚ್ಚಿ, ತಿರುಚಿ ಆಡುತ್ತಲೇ ಇರುತ್ತವೆ. ಸಾವಿರ ಕೋಟಿಯಲ್ಲಿ ಎಲ್ಲವೂ ಅರ್ಧ ತೆರೆದಿವೆಯೋ, ಅರ್ಧದಷ್ಟು ಪೂರ್ತಿ ತೆರೆದು ಉಳಿದರ್ಧ ಪೂರ್ತಿ ಮುಚ್ಚಿವೆಯೋ ಎಂಬುದನ್ನು ಗುಂಪು ಹೇಳಲಾರದು. ಅದಕ್ಕೆ ಒಂದನ್ನು ಹಿಡಿದು ನಿಲ್ಲಿಸಿಯೇ ಕೇಳಬೇಕು.

ನಿಲ್ಲಿಸುವುದೇ ಕಷ್ಟ. ಹಂಚಿನ ಮಾಡಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ನೋಡದವರಿಲ್ಲ. ಆ ಕುಣಿತಕ್ಕೆ ಬಹುಮಟ್ಟಿಗೆ ಗಾಳಿಯ ಸುಳಿ ಕಾರಣ. ನೀರಿನೊಳಗಿನ ಅತಿ ಸಣ್ಣ ಕಣಗಳ ಕುಣಿತ ಹಾಗಲ್ಲ, ನೀರಿನ ಅಣುಗಳೇ ನಾಲ್ಕೂ ಕಡೆಯಿಂದ ಅವನ್ನು ಗುದ್ದುತ್ತಿರುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಸಾಧಾರಣ ಸಸಾರಜನಕವೊಂದರ ಮೈಯಳತೆ ಏಳೆಂಟು ನ್ಯಾನೋಮೀಟರ್, ಫೆರಿಟಿನ್ನಿನದು ಸುಮಾರು 12. ತಲೆಗೂದಲಿನ ದಪ್ಪಕ್ಕೆ ಅಡ್ಡಲಾಗಿ ಇಂಥವನ್ನು ಸಾವಿರಗಟ್ಟಲೆ ಜೋಡಿಸಬಹುದು. ಈ ಗಾತ್ರದ ವಸ್ತು ನೀರಿನಲ್ಲಿ ಒಂದು ಸೆಕೆಂಡಿನ ಸಾವಿರದ ಒಂದು ಪಾಲು ಸಮಯದೊಳಗೆ ತನ್ನ ಮೈಯಳತೆಯ ಹತ್ತಿರ ಹತ್ತಿರ ನೂರು ಪಾಲು ದೂರ ಸರಿದುಬಿಡುತ್ತದೆ. ಇದನ್ನು ಯಾವ ಲೋಹದ ಇಕ್ಕಳ ಹಿಡಿದೀತು?

ಹಿಡಿಯಬಲ್ಲದ್ದು ಬೆಳಕು ಎಂದರೆ ಮೊದಲ ಸಲ ಕೇಳುವವರಿಗೆ ಕತೆಯೆನಿಸೀತು. ಬೆಳಕಿಗೆ ತೂಕವಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ಆದರೂ ಅದು ವಸ್ತುಗಳನ್ನು ತಳ್ಳುತ್ತದೆ. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಂದ ಆಚೆಗೆ ಚಾಚಿರುವುದನ್ನು ಗಮನಿಸಿ, ಇದು ಸೂರ್ಯಕಿರಣಗಳ ತಳ್ಳಾಟವೇ ಇರಬೇಕೆಂದು ಕೆಪ್ಲರ್ 17ನೆಯ ಶತಮಾನದ ಆದಿಯಲ್ಲಿಯೇ ಊಹಿಸಿದ್ದರು. 1873ರಲ್ಲಿ ಮ್ಯಾಕ್ಸ್‌ವೆಲ್ಲರ ಗಣಿತ ಅದಕ್ಕೆ ಲೆಕ್ಕ ಕೊಟ್ಟಿತು. 20ನೆಯ ಶತಮಾನದ ಹೊಸ್ತಿಲಲ್ಲಿ ರಷ್ಯದ ಲೆಬೆದೆವ್ ಅದನ್ನು ಪ್ರಯೋಗದಿಂದ ಅಳೆದು ತೋರಿಸಿದರು. ಈ ತಳ್ಳುವ ಬಲ ಎಷ್ಟು ಅಲ್ಪವೆಂದರೆ, ಒಂದು ಮಿಲಿವಾಟ್ ಬೆಳಕು ಕನ್ನಡಿಗೆ ಬಡಿದು ಹಿಂತಿರುಗಿದಾಗ ಆಗುವ ಒತ್ತು ಒಂದು ಗ್ರಾಮಿನ ತೂಕದ ನೂರು ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ. ನಮಗೆ ಅದು ಲೆಕ್ಕಕ್ಕಿಲ್ಲ. ಆದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅಡ್ಡಳತೆಯ ಪ್ಲಾಸ್ಟಿಕ್ ಮಣಿಗೆ ಹೋಲಿಸಿದರೆ ಅದು ಮಣಿಯ ತೂಕದ ಸಾವಿರ ಪಾಲಿಗಿಂತಲೂ ಹೆಚ್ಚು! ನೂರರಲ್ಲಿ ಒಂದಂಶ ತಗಲಿದರೂ ಸಾಕು, ಮಣಿ ಓಡಲೇಬೇಕು.

ಈ ಲೆಕ್ಕವನ್ನು ಮಾಡಿ ಮಣಿಯನ್ನು ಓಡಿಸಿಯೇ ನೋಡಿದವರು ಅಮೆರಿಕದ ಆರ್ಥರ್ ಆಶ್ಕಿನ್ ಎಂಬವರು. 1922ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನಿನಲ್ಲಿ ಹುಟ್ಟಿದ ಇವರು ಟೆಲಿಫೋನ್ ಕಂಪೆನಿಯ ಸಂಶೋಧನಾ ಸಂಸ್ಥೆಯಾದ ಬೆಲ್ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಲೇಸರ್ ಬೆಳಕು ಬಂದು ಹತ್ತು ವರ್ಷವಾಗಿದ್ದ ಕಾಲ. ನೀರಿನಲ್ಲಿ ತೇಲಿಸಿದ ಪಾರದರ್ಶಕ ಮಣಿಗಳ ಮೇಲೆ ಅವರು ಲೇಸರ್ ಕಿರಣ ಹಾಯಿಸಿದರು. ಎಣಿಸಿದಂತೆ ಮಣಿಗಳು ಕಿರಣದ ದಿಕ್ಕಿನಲ್ಲಿ ಮುಂದೆ ಹೋದವು. ಎಣಿಸದೆ ಇದ್ದದ್ದು ಇನ್ನೊಂದು ನಡೆಯಿತು. ಬದಿಯಲ್ಲಿದ್ದ ಮಣಿಗಳೂ ಕಿರಣದ ನಡುವಿಗೆ ಸೆಳೆಯಲ್ಪಟ್ಟು, ಅಲ್ಲಿಂದ ಮುಂದೆ ಸಾಗಿದವು. 1970ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಈ ಸೆಳೆತವೇ.

ಸೆಳೆತಕ್ಕೆ ಕಾರಣ ಸುಲಭವಾಗಿದೆ. ಚಂದ್ರಗಿರಿ ಹೊಳೆಯಲ್ಲಿ ದೋಣಿಯವನು ಗಳವನ್ನು ತಳಕ್ಕೆ ಊರಿ ಹಿಂದಕ್ಕೆ ಒತ್ತಿದರೆ ದೋಣಿ ಮುಂದಕ್ಕೆ ಹೋಗುತ್ತದೆ. ಗಾಜಿನ ಮಣಿಯೂ ಒಂದು ಮಸೂರವೇ ಆದುದರಿಂದ ತನ್ನೊಳಗೆ ಹಾದ ಕಿರಣವನ್ನು ಅದು ಬಗ್ಗಿಸುತ್ತದೆ. ಕಿರಣವನ್ನು ಆಚೆಗೆ ಬಗ್ಗಿಸಿದ ಮಣಿ ತಾನು ಈಚೆಗೆ ಸರಿಯಬೇಕು. ಕಿರಣದ ನಡುಭಾಗ ಹೆಚ್ಚು ಪ್ರಕಾಶ, ಅಂಚು ಮಂಕು. ಹೆಚ್ಚು ಬೆಳಕು ಬಗ್ಗಿದ ಕಡೆಯ ಸೆಳೆತ ಗೆಲ್ಲುತ್ತದೆ. ಹೀಗಾಗಿ ಮಣಿ ಎಲ್ಲಿ ಬೆಳಕು ದಟ್ಟವೋ ಅಲ್ಲಿಗೆ ಬಂದು ಕೂರುತ್ತದೆ. ಆಶ್ಕಿನ್ ಮೊದಲಿಗೆ ಎದುರು ಬದುರಾದ ಎರಡು ಕಿರಣಗಳ ನಡುವೆ ಮಣಿಯನ್ನು ಹಿಡಿದರು. 1986ರಲ್ಲಿ ಸಂಗಡಿಗರೊಂದಿಗೆ, ಬಲವಾದ ಮಸೂರದಿಂದ ಒಂದೇ ಒಂದು ಕಿರಣವನ್ನು ಬಿಂದುವಿಗೆ ಕೂಡಿಸಿ ಅದರಲ್ಲೇ ಕಣವನ್ನು ತಡೆದು ನಿಲ್ಲಿಸಿದರು. ಇದೇ ಬೆಳಕಿನ ಚಿಮಟ. ಅಂದು ಅವರು ಹಿಡಿದ ಅತಿ ಸಣ್ಣ ಕಣ 25 ನ್ಯಾನೋಮೀಟರಿನದು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕತೆಯ ತೊಡಕು ಅಲ್ಲಿದೆ.

ಚಿಮಟ ಜೀವಿಗಳ ಕಡೆಗೆ ತಿರುಗಿದ್ದೂ ಒಂದು ಸ್ವಾರಸ್ಯ. ಹೊಗೆಸೊಪ್ಪಿನ ಗಿಡಕ್ಕೆ ತಗಲುವ ವೈರಸ್ಸನ್ನು ಹಿಡಿಯಲು ಹೊರಟಿದ್ದಾಗ, ಇಟ್ಟಲ್ಲಿಯೇ ಇದ್ದ ದ್ರಾವಣದಲ್ಲಿ ತಾವಾಗಿಯೇ ಈಜಾಡುವ ಏನೋ ಕಾಣಿಸಿಕೊಂಡು ಚಿಮಟಕ್ಕೆ ಸಿಕ್ಕಿಬಿದ್ದವು. ಬ್ಯಾಕ್ಟೀರಿಯಾಗಳು! ಹಸಿರು ಲೇಸರಿನಲ್ಲಿ ಅವು ಸುಟ್ಟು ಸತ್ತವು. ಆಶ್ಕಿನ್ ಕಣ್ಣಿಗೆ ಕಾಣದ ಅವಗೆಂಪು ಲೇಸರನ್ನು ಹಾಕಿದರು. ಆಗ ಅವು ಸಾಯಲಿಲ್ಲ ಮಾತ್ರವಲ್ಲ, ಚಿಮಟದೊಳಗೇ ಒಂದು ಎರಡಾಗಿ ಸಂತಾನ ಬೆಳೆಸಿದವು. 1987ರಲ್ಲಿ ಪ್ರಕಟವಾದ ಸಂಗತಿ ಇದು. 2018ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನದ ಅರ್ಧ ಪಾಲು ಆಶ್ಕಿನ್ನರಿಗೆ ಬಂತು. ಆಗ ಅವರಿಗೆ 96 ವರ್ಷ. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಮನೆಯಲ್ಲಿ ಸೌರಶಕ್ತಿಯ ಬಗ್ಗೆ ಏನೋ ಕೆಲಸ ಹಚ್ಚಿಕೊಂಡಿದ್ದರು. ಸುದ್ದಿ ತಿಳಿಸಿದವರಿಗೆ, ತಾನು ಹೊಸ ಲೇಖನವೊಂದರ ಗಡಿಬಿಡಿಯಲ್ಲಿದ್ದೇನೆಂದರಂತೆ. 2020ರಲ್ಲಿ ತೀರಿಕೊಂಡರು.

ಇನ್ನು ಆ ತೊಡಕು. ಬೆಳಕಿನ ಸೆಳೆತ ಕಣದ ಗಾತ್ರವನ್ನು ಅವಲಂಬಿಸಿದೆ, ಅದೂ ಅಡ್ಡಳತೆಯ ಘನಕ್ಕೆ ಸರಿಯಾಗಿ. ಅಡ್ಡಳತೆ ಹತ್ತರಲ್ಲೊಂದು ಪಾಲಾದರೆ ಸೆಳೆತ ಸಾವಿರದಲ್ಲೊಂದು ಪಾಲಾಗುತ್ತದೆ. ನೀರಿನ ಗುದ್ದಾಟ ಮಾತ್ರ ಕಡಿಮೆಯಾಗುವುದಿಲ್ಲ. ಏಳು ನ್ಯಾನೋಮೀಟರಿನ ಸಸಾರಜನಕವನ್ನು ಮಾಮೂಲು ಚಿಮಟದಲ್ಲಿ ಹಿಡಿದಿಡಬೇಕಾದರೆ ಬೆಳಕನ್ನು ಎಷ್ಟು ಪ್ರಖರ ಮಾಡಬೇಕೆಂದರೆ, ಹಿಡಿಯಬೇಕಾದುದೇ ಬೆಂದುಹೋದೀತು.

ವಿಜ್ಞಾನಿಗಳು ಮೊದಲಿಗೆ ಇದನ್ನು ಉಪಾಯದಿಂದ ದಾಟಿದರು. ಸಸಾರಜನಕವನ್ನು ಬಿಟ್ಟು ಅದಕ್ಕೊಂದು ದೊಡ್ಡ ಮಣಿಯನ್ನು ಅಂಟಿಸಿ, ಮಣಿಯನ್ನು ಹಿಡಿದರು. ಈ ದಾರಿಯಿಂದ ದೊರೆತ ಫಲ ಸಾಮಾನ್ಯದ್ದಲ್ಲ. ನಮ್ಮ ಜೀವಕೋಶಗಳಲ್ಲಿ ಹೊರೆ ಹೊತ್ತು ಸಾಗಿಸುವ ಕೈನೆಸಿನ್ ಎಂಬ ಸಸಾರಜನಕವಿದೆ. ಅದು ಓಡಾಡುವ ಹಳಿಯ ಮೇಲೆ 8 ನ್ಯಾನೋಮೀಟರಿನ ಒಂದೊಂದೇ ಹೆಜ್ಜೆ ಹಾಕಿ ನಡೆಯುತ್ತದೆಂಬುದನ್ನು 1993ರಲ್ಲಿ ಸ್ಟೀವನ್ ಬ್ಲಾಕ್ ಮತ್ತು ಜತೆಗಾರರು ಇಂಥ ಮಣಿಯ ಚಲನೆಯಿಂದ ಓದಿ ತೆಗೆದರು. 1997ರಲ್ಲಿ ಬುಸ್ಟಾಮಾಂಟೆಯವರ ತಂಡ ಸ್ನಾಯುಗಳಲ್ಲಿರುವ ಟೈಟಿನ್ ಎಂಬ ಭಾರಿ ಸಸಾರಜನಕವನ್ನು ಜಗ್ಗಿ, ಅದರ ಮಡಿಕೆಗಳು ಬಿಚ್ಚುವುದನ್ನೂ ಬಿಟ್ಟಾಗ ಮತ್ತೆ ಮಡಚಿಕೊಳ್ಳುವುದನ್ನೂ ಅಳೆಯಿತು. ಆದರೂ ಒಂದು ಅನುಮಾನ ಉಳಿಯಿತು. ಏಳು ನ್ಯಾನೋಮೀಟರಿನ ಅಣುವಿಗೆ ಏಳುನೂರರ ಮಣಿ ಎಂದರೆ ಒಂದು ಅಡಿಕೆಗೆ ಆನೆಯನ್ನು ಕಟ್ಟಿದ ಹಾಗೆ. ಅಡಿಕೆಯ ಸ್ವಭಾವ ತಿಳಿಯಲು ಹೊರಟವರು ಆನೆಯ ಓಲಾಟವನ್ನಲ್ಲವೇ ಅಳೆಯುತ್ತಿರುವುದು? ಹೊಳೆಯುವ ಬಣ್ಣವನ್ನು ಅಂಟಿಸಿ ನೋಡುವ ಕ್ರಮವೂ ಉಂಟು. ಅದರಲ್ಲಿಯೂ ಅಣು ತಾನು ತಾನಾಗಿ ಇರುವುದಿಲ್ಲ. ಏನನ್ನೂ ಅಂಟಿಸದೆ, ಎಲ್ಲಿಗೂ ಕಟ್ಟದೆ, ಇದ್ದ ಹಾಗೆಯೇ ಹಿಡಿಯಬೇಕಾದರೆ ಚಿಮಟದ ಮೊನೆಯೇ ಸಣ್ಣದಾಗಬೇಕು.

ಮಸೂರಕ್ಕೆ ಅದು ಸಾಧ್ಯವಿಲ್ಲ. ಎಷ್ಟೇ ಒಳ್ಳೆಯ ಮಸೂರವಾಗಲಿ, ಬೆಳಕನ್ನು ಅದರ ತರಂಗದ ಉದ್ದದ ಸುಮಾರು ಅರ್ಧಕ್ಕಿಂತ ಕಿರಿದಾದ ಬಿಂದುವಿಗೆ ಕೂಡಿಸಲಾರದು. ಅವಗೆಂಪು ಬೆಳಕಿಗೆ ಆ ಬಿಂದು ನಾಲ್ಕೈನೂರು ನ್ಯಾನೋಮೀಟರ್ ಅಗಲ. ಅಷ್ಟು ದೊಡ್ಡ ಗದ್ದೆಯಲ್ಲಿ ನಮ್ಮ ಸಸಾರಜನಕ ಒಂದು ಸಾಸಿವೆ ಕಾಳು. ಇಲ್ಲಿ ನೆರವಿಗೆ ಬಂದದ್ದು ಚಿನ್ನ.

ಗಾಜಿನ ಮೇಲೆ 100 ನ್ಯಾನೋಮೀಟರ್ ಆಸುಪಾಸಿನ ದಪ್ಪಕ್ಕೆ ಚಿನ್ನವನ್ನು ಲೇಪಿಸುತ್ತಾರೆ. ಅದರಲ್ಲಿ ಅಯಾನುಗಳ ಕಿರಣದಿಂದ ಒಂದಕ್ಕೊಂದು ತಾಗಿದ ಎರಡು ತೂತುಗಳನ್ನು ಕೊರೆಯುತ್ತಾರೆ. ಕೊರೆದಾದ ಮೇಲೆ ಅದರ ಆಕೃತಿ ಇಂಗ್ಲಿಷ್ ಅಂಕಿ 8ರಂತೆ. ನಡುವಿನ ಸೊಂಟದಲ್ಲಿ ಎರಡು ಕಡೆಯಿಂದಲೂ ಚಿನ್ನದ ಮೊನೆಗಳು ಚಾಚಿಕೊಂಡು, ಅವುಗಳ ಮಧ್ಯೆ ಇಪ್ಪತ್ತು ಮೂವತ್ತು ನ್ಯಾನೋಮೀಟರಿನ ಸಂದಿ ಉಳಿಯುತ್ತದೆ. ತೋಡಿಗೆ ಕಟ್ಟ ಕಟ್ಟಿದಾಗ ಬಿಟ್ಟ ಕಿರುಗಂಡಿಯಲ್ಲಿ ನೀರು ಹೇಗೆ ರಭಸಗೊಳ್ಳುತ್ತದೋ, ಬೆಳಕು ಬಿದ್ದಾಗ ಚಿನ್ನದೊಳಗಿನ ಎಲೆಕ್ಟ್ರಾನುಗಳು ತುಯ್ದಾಡಿ ಬೆಳಕಿನ ಶಕ್ತಿಯನ್ನು ಹಾಗೆ ಆ ಸಂದಿಗೆ ತಂದು ಕೂಡಿಸುತ್ತವೆ. ಮಸೂರ ಮಾಡಲಾರದ್ದನ್ನು ಎರಡು ಚಿನ್ನದ ಮೊನೆಗಳು ಮಾಡುತ್ತವೆ.

ಇನ್ನೊಂದು ವಿಶೇಷವೂ ಇದೆ. ಬೆಳಕಿನ ತರಂಗಕ್ಕಿಂತ ಸಣ್ಣ ತೂತಿನ ಮೂಲಕ ಬೆಳಕು ಬಹಳ ಅಲ್ಪವೇ ಹಾಯುತ್ತದೆ. ಆದರೆ ಸಂದಿಗೆ ಕಣವೊಂದು ಬಂದು ಹೊಕ್ಕರೆ, ಅದು ನೀರಿಗಿಂತ ಹೆಚ್ಚಾಗಿ ಬೆಳಕನ್ನು ಬಗ್ಗಿಸತಕ್ಕ ವಸ್ತುವಾದುದರಿಂದ, ಬೆಳಕಿಗೆ ತೂತು ತುಸು ದೊಡ್ಡದಾದಂತೆ ಆಗಿ ಹಾಯುವ ಬೆಳಕು ಜಾಸ್ತಿಯಾಗುತ್ತದೆ. ಕಣ ಹೊರಬೀಳಲು ಹೊರಟರೆ ಹಾಯುವ ಬೆಳಕು ಇಳಿಯುತ್ತದೆ. ಆ ಬದಲಾವಣೆಯ ಪ್ರತಿಕ್ರಿಯೆಯೇ ಕಣವನ್ನು ಒಳಕ್ಕೆ ಎಳೆಯುತ್ತದೆ. ಒಳಗೆ ಬಂದವನೇ ಬಾಗಿಲಿಗೆ ಅಗುಳಿ ಹಾಕಿಕೊಂಡಂತಾಯಿತು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ರೂವನ್ ಗಾರ್ಡನ್, ಸ್ಪೇನಿನ ಬಾರ್ಸಿಲೋನಾದಲ್ಲಿದ್ದ ರೊಮೇನ್ ಕಿಡಾಂ ಮತ್ತಿತರರು 2009ರಲ್ಲಿ ಒಂಟಿ ದುಂಡು ತೂತಿನಲ್ಲಿ 50 ನ್ಯಾನೋಮೀಟರಿನ ಕಣವನ್ನು ಹೀಗೆ ಹಿಡಿದು ತೋರಿಸಿದರು. 2012ರಲ್ಲಿ ಪಾಂಗ್ ಎಂಬ ಸಂಶೋಧಕರೂ ಗಾರ್ಡನ್ನರೂ ಜೋಡಿ ತೂತಿನ ಸಂದಿಯಲ್ಲಿ ದನದ ರಕ್ತದ ಆಲ್ಬುಮಿನ್ ಎಂಬ ಸಸಾರಜನಕದ ಒಂದೇ ಒಂದು ಅಣುವನ್ನು, ಯಾವ ಮಣಿಯನ್ನೂ ಬಣ್ಣವನ್ನೂ ಅಂಟಿಸದೆ ಹಿಡಿದರು. ಅದರ ತ್ರಿಜ್ಯ 3.4 ನ್ಯಾನೋಮೀಟರ್. ಆಶ್ಕಿನ್ನರ 25ರಿಂದ ಇಲ್ಲಿಗೆ ಬರಲು 26 ವರ್ಷ ಹಿಡಿಯಿತು.

ಹಿಡಿದದ್ದು ಗೊತ್ತಾಗುವುದು ಹೇಗೆ? ಈ ಅಣು ಕಣ್ಣಿಗಂತೂ ಕಾಣುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ತೂತಿನ ಆಚೆಗೆ ಬೆಳಕನ್ನು ಅಳೆಯುವ ಒಂದು ಉಪಕರಣವಿದೆ, ಅಷ್ಟೆ. ಅದರ ಗೆರೆ ನೇರವಾಗಿ ಹೋಗುತ್ತಿದ್ದದ್ದು ಫಕ್ಕನೆ ಒಂದು ಮೆಟ್ಟಿಲು ಮೇಲಕ್ಕೇರಿತೆಂದರೆ ಅಣು ಒಳಗೆ ಬಂತು. ಆಮೇಲೆ ಆ ಗೆರೆ ನಡುಗುತ್ತದೆ, ಎರಡು ಮಟ್ಟಗಳ ನಡುವೆ ಹಾರುತ್ತದೆ. ಅಣು ಮಡಚಿ ಗಿಡ್ಡವಾಗಿದ್ದಾಗ ಒಂದು ಮಟ್ಟ, ಸಡಿಲಿ ಚಾಚಿಕೊಂಡಾಗ ಇನ್ನೊಂದು. ದೂರದ ಬಯಲಿನಲ್ಲಿ ಆಟ ನಡೆಯುತ್ತಿರುವಾಗ ಮನೆಯಲ್ಲಿ ಮಲಗಿದ್ದ ಹಿರಿಯರು ಚೆಂಡೆಯ ಪೆಟ್ಟು ಕೇಳಿಯೇ "ಈಗ ಬಣ್ಣದ ವೇಷ ಬಂತು" ಎನ್ನುವುದಿಲ್ಲವೇ? ವೇಷವನ್ನು ಅವರು ಕಂಡಿಲ್ಲ. ಕಿವಿ ಪಳಗಿದೆ. ಈ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವುದು ಹೆಚ್ಚುಕಡಿಮೆ ಅದೇ ಕೆಲಸ.

ಪಳಗಿದ ಕಿವಿ ಏನೇನು ಕೇಳಿತು? 2014ರಲ್ಲಿ ಕೊಟ್ನಾಲ ಮತ್ತು ಗಾರ್ಡನ್ ಡಿ.ಎನ್.ಎ.ಯ ಒಂದು ಪುಟ್ಟ ಹೆಣೆತವನ್ನು ಸಂದಿಯಲ್ಲಿ ಹಿಡಿದು, ಅದು ಬಿಚ್ಚಿಕೊಳ್ಳುವುದನ್ನು ಬೆಳಕಿನ ಗೆರೆಯಲ್ಲಿ ಕಂಡರು. ಅನಂತರ ಪಿ53 ಎಂಬ ಸಸಾರಜನಕವನ್ನು ಜತೆಗೂಡಿಸಿದಾಗ ಬಿಚ್ಚುವುದು ತಡವಾಯಿತು, ಪಿ53 ಅದನ್ನು ಬಿಗಿದು ಹಿಡಿಯುತ್ತಿತ್ತು. ಈ ಪಿ53 ಜೀವಕೋಶಗಳು ಅಂಕೆ ಮೀರಿ ಬೆಳೆಯದಂತೆ ಕಾವಲಿರುವ ಸಸಾರಜನಕ. ಅರ್ಬುದರೋಗಗಳಲ್ಲಿ ಅರ್ಧದಷ್ಟರಲ್ಲಿ ಇದೇ ಕೆಟ್ಟಿರುತ್ತದೆ. ಹಾಗೆ ಮಾರ್ಪಾಡಾದ ಒಂದು ಪಿ53ನ್ನು ಹಾಕಿ ನೋಡಿದರೆ ಅದಕ್ಕೆ ಆ ಹಿಡಿತವಿರಲಿಲ್ಲ. ಕಾವಲುಗಾರ ಸರಿ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬ ವ್ಯತ್ಯಾಸ ಒಂದೇ ಒಂದು ಅಣುವಿನ ಮಟ್ಟದಲ್ಲಿ ಕಣ್ಣೆದುರಿಗೆ ಬಂತು. ಇದರಿಂದ ನಾಳೆಯೇ ಮದ್ದು ಸಿಗುತ್ತದೆಂದು ಯಾರೂ ಭಾವಿಸಬಾರದು. ವಾರಕ್ಕೊಮ್ಮೆ ಅರ್ಬುದಕ್ಕೆ ಮದ್ದು ಕಂಡುಹಿಡಿಯುವ ಸುದ್ದಿಗಳು ಬರುತ್ತಿರುತ್ತವೆ, ಅವುಗಳ ಸಾಲಿಗೆ ಇದನ್ನು ಸೇರಿಸಲು ನಮಗೆ ಇಷ್ಟವಿಲ್ಲ.

ನಮ್ಮ ಹುಡುಗಿಯ ಪ್ರಶ್ನೆಗೆ ನೇರ ಉತ್ತರ ಬಂದದ್ದು 2023ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ. ಅಲ್ಲಿನ ಸಂಶೋಧಕರು ಇತರರೊಡನೆ ಸೇರಿ ಚಿನ್ನದ ಜೋಡಿ ತೂತಿನಲ್ಲಿ ಒಂದು ಫೆರಿಟಿನ್ ಮುಡಿಯನ್ನು ಹಿಡಿದರು, ಅದೂ ಕಬ್ಬಿಣವಿಲ್ಲದ ಬರಿ ಮುಡಿ. ಬಳಿಕ ಸುತ್ತಲಿನ ದ್ರಾವಣಕ್ಕೆ ಕಬ್ಬಿಣವನ್ನು ಸೇರಿಸಿ, ಅದೇ ಮುಡಿಗೆ ಕಬ್ಬಿಣ ತುಂಬುತ್ತ ಹೋಗುವುದನ್ನು ಬೆಳಕಿನ ಏರಿಳಿತದಲ್ಲಿ ಓದಿದರು. ಬರಿದಾದ ಮುಡಿ ಹೆಚ್ಚು ಅಲುಗಾಡುತ್ತದೆ, ತುಂಬಿದ್ದು ಕಡಿಮೆ. ಅಕ್ಕಿ ತುಂಬದ ಮುಡಿಯ ಹುಲ್ಲು ಸಡಿಲಾಗಿರುವುದನ್ನು ಬಲ್ಲವರಿಗೆ ಇದೇನೂ ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಅದನ್ನು ಒಂದೇ ಒಂದು ಮುಡಿಯಲ್ಲಿ, ಅದು ನೀರಿನಲ್ಲಿ ಸಹಜ ಸ್ಥಿತಿಯಲ್ಲಿರುವಾಗಲೇ ಕಂಡದ್ದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೆರಿಟಿನ್ನಿನ ಚಿತ್ರಗಳು ಹಿಂದಿನಿಂದಲೂ ಇವೆ. ಆದರೆ ಅವು ಹೆಚ್ಚಾಗಿ ಒಣಗಿಸಿದ ಅಥವಾ ಹೆಪ್ಪುಗಟ್ಟಿಸಿದ, ಅಲುಗಾಟ ನಿಂತ ಮುಡಿಗಳ ಚಿತ್ರಗಳು.

ನಮ್ಮ ಕಡೆಯೂ ಈ ವಿದ್ಯೆ ಬಂದಿಲ್ಲದಿಲ್ಲ. ನಮ್ಮಲ್ಲಿ ಅನೇಕರು ಕಾಯಿಲೆ ಕಸಾಲೆಗೆಂದು ಬಸ್ಸು ಹತ್ತುವ ಮಣಿಪಾಲದಲ್ಲಿಯೇ ಬೆಳಕಿನ ಚಿಮಟದಿಂದ ಜೀವಂತ ರಕ್ತಕಣಗಳನ್ನು, ಕೆಂಪನ್ನೂ ಬಿಳಿಯನ್ನೂ, ಒಂದೊಂದಾಗಿ ಹಿಡಿದು ರಾಮನ್ ರೋಹಿತದಿಂದ ಪರೀಕ್ಷಿಸಿದ ಲೇಖನ 2010ರಲ್ಲಿ ಪ್ರಕಟವಾಗಿದೆ. ಅದು ಮಾಮೂಲು ಚಿಮಟ, ರಕ್ತಕಣವೂ ಸಸಾರಜನಕಕ್ಕಿಂತ ಸಾವಿರ ಪಾಲು ದೊಡ್ಡದು, ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಮತ್ತು ಸೌವಿಕ್ ಘೋಷ್ 2018ರಲ್ಲಿ ಇನ್ನೊಂದು ಬಗೆಯನ್ನು ತೋರಿಸಿದರು. ತಿರುಪುಮೊಳೆಯಂಥ ಅತಿ ಸಣ್ಣ ಸಾಧನವನ್ನು ಕಾಂತಬಲದಿಂದ ನೀರಿನಲ್ಲಿ ಈಜಿಸಿ, ಅದರ ಮೈಯ ಲೋಹದ ಬಳಿ ಕೂಡಿದ ಬೆಳಕಿನಿಂದ ಕಣಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಹಿಡಿದು, ಬೇಕಾದಲ್ಲಿಗೆ ಒಯ್ದು ಬಿಡುವ ಚಿಮಟವದು.

ತಪ್ಪು ತಿದ್ದಿಕೊಂಡ ದಿನ ನಾವು ಕರಿಹಲಗೆಯ ಮೇಲೆ ದೊಡ್ಡದಾಗಿ 8 ಬರೆದು, ಸೊಂಟದ ಸಂದಿಯಲ್ಲಿ ಒಂದು ಚುಕ್ಕೆ ಇಟ್ಟು, ಇದು ಫೆರಿಟಿನ್ ಎಂದೆವು. ಹಿಂದಿನ ಬೆಂಚಿನ ಹುಡುಗನೊಬ್ಬ, ಚಿನ್ನ ಬಿಸಿಯಾಗುವುದಿಲ್ಲವೇ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಬಿಸಿಯಾಗುತ್ತದೆ, ಚಿನ್ನವು ಶಾಖವನ್ನು ಬೇಗ ಹರಡಿಬಿಡುವುದರಿಂದ ಅಷ್ಟಿಷ್ಟು ಬಚಾವು. ಹಿಡಿದವನ ಮುಷ್ಟಿಯೇ ಬಿಗಿಯಾಗಿ ಅಣುವಿನ ಆಕಾರ ಬದಲಾಗುವ ಭಯವೂ ಇದೆ. ಗೆರೆ ಹಾರಿದ್ದು ಅಣುವಿನ ಸ್ವಂತ ಆಟದಿಂದಲೋ ಬೆಳಕಿನ ಒತ್ತಡದಿಂದಲೋ ಎಂದು ತಿಳಿಯಲು ಬೆಳಕನ್ನು ಏರಿಸಿ ಇಳಿಸಿ ಮತ್ತೆ ಮತ್ತೆ ಹೋಲಿಸಬೇಕಾಗುತ್ತದೆ. ಕಡೆಗೂ ಸಿಗುವುದು ಒಂದು ಬೆಳಕಿನ ಗೆರೆ, ಚಿತ್ರವಲ್ಲ. ಇಷ್ಟನ್ನು ಹೇಳದೆ ಬರಿ ಚಮತ್ಕಾರವೆಂದು ಕೊಂಡಾಡಿದ್ದರೆ ನಾವು ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದನ್ನು ಮಾಡಿದಂತಾಗುತ್ತಿತ್ತು.

ಚೀಟಿ ತಂದ ಹುಡುಗಿ ಆ ದಿನ ಏನನ್ನೂ ಕೇಳಲಿಲ್ಲ. ತಾಯಿಯ ಮಾತ್ರೆಗಳು ಮುಗಿದ ಮೇಲೆ ಎರಡನೆಯ ಚೀಟಿಯನ್ನು ತಂದು ತೋರಿಸಿದಳು. ಫೆರಿಟಿನ್ 31 ಎಂದಿತ್ತು. ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವಳದೇ ಭಾಗಾಕಾರ, ಗುಣಾಕಾರ. ಒಂದು ಮಿಲಿಲೀಟರಿಗೆ ಸುಮಾರು 3,900 ಕೋಟಿ ಮುಡಿ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಲೆಕ್ಕ ಸರಿಯಾಗಿತ್ತು.